ಸರ್ವಜ್ಞನ ಬೆನ್ನು ಹತ್ತಿದ ಅಯ್ಯನವರು

ಸರ್ವಜ್ಞನ ಒಂದಾದರೂ ತ್ರಿಪದಿ ಬಾಯಿಗೆ ಬಾರದ ಮನೆ ನಮ್ಮ ಧಾರವಾಡದ ಕಡೆ ಸಿಗಲಿಕ್ಕಿಲ್ಲ. ಸಾಲ ಕೊಟ್ಟವ ಬಾಗಿಲಿಗೆ ಬಂದರೆ ಸಾಲದ್ದು, ಬಿಸಿ ರೊಟ್ಟಿ ಮುರಿಯುವಾಗ ರೊಟ್ಟಿಯದು, ಬೀಗರ ಜೊತೆ ಮಾತಿಗೆ ಮಾತು ಬೆಳೆದರೆ ಇನ್ನೊಂದು. ಈ ಚದುರಿದ ತ್ರಿಪದಿಗಳನ್ನು ಊರೂರು ಅಲೆದು ಕೂಡಿಹಾಕಿ ಪುಸ್ತಕ ಮಾಡಿಕೊಟ್ಟವರು ಒಬ್ಬ ಪಾದ್ರಿ ಅಂದರೆ ಈಗಿನ ಹುಡುಗರು ಹುಬ್ಬೇರಿಸುತ್ತಾರೆ. ಹಿರಿಯರಿಗೆ ಹೇಳಬೇಕಾಗಿಲ್ಲ. ರೆವರೆಂಡ್ ಉತ್ತಂಗಿ ಚನ್ನಪ್ಪನವರು, ಅಲ್ವಾ?

ಅವರ ಮನೆಯವರ ಹೆಸರುಗಳನ್ನು ಕೇಳುವುದೇ ಒಂದು ಖುಷಿ ನೋಡ್ರಿ. ತಂದೆ ದಾನಿಯೇಲಪ್ಪ, ತಾಯಿ ಸುಭಕ್ತವ್ವ, ಮಗ ಚನ್ನಪ್ಪ. ಬೈಬಲ್ಲಿನ ದಾನಿಯೇಲ ನಮ್ಮ ಸೀಮೆಗೆ ಬಂದು ಒಂದು ‘ಅಪ್ಪ’ ಸೇರಿಸಿಕೊಂಡು ಜಗುಲಿಯ ಮೇಲೆ ಕೂತುಬಿಟ್ಟಿದ್ದಾನೆ! ಹಡಗಲಿ ತಾಲ್ಲೂಕಿನ ಉತ್ತಂಗಿ ಮೂಲ ಊರು, 1881ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ. ಓದಿದ್ದು ಇಲ್ಲಿನ ಬಾಸೆಲ್ ಮಿಶನ್ ಶಾಲೆ. ಆಮೇಲೆ ದೈವಶಾಸ್ತ್ರ ಕಲಿಯಲು ಮಂಗಳೂರಿನ ಸೆಮಿನರಿ.

ಆ ಕಾಲದಲ್ಲಿ ಧಾರವಾಡದವರಿಗೆ ಮಂಗಳೂರು ಅಂದರೆ ಪರದೇಶವೇ. ಅಲ್ಲಿಗೆ ರೈಲು ಬಂದದ್ದೇ 1907ರಲ್ಲಿ, ಅದೂ ಕೇರಳದ ಕಡೆಯಿಂದ. ಜೋಳದ ರೊಟ್ಟಿ ತಿಂದು ಬೆಳೆದ ಹುಡುಗನಿಗೆ ಕುಸಲಕ್ಕಿ ಗಂಜಿ ಮೊದಲ ವಾರ ಗಂಟಲಲ್ಲಿ ಇಳಿಯಿತೋ ಇಲ್ಲವೋ! ಆದರೆ ಹೋದ ಜಾಗ ಎಂಥದ್ದು ಅಂತೀರಿ? 1843ರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ತಂದ ಊರು. ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾಗಿ ಹೊರಬಂದ ಊರು. ಪಾದ್ರಿಯಾದವನು ಜನರ ಭಾಷೆಯನ್ನು ಬೇರುಮಟ್ಟ ತಿಳಿಯಬೇಕು ಅನ್ನೋ ಮಾತು ಅಲ್ಲಿನ ಗಾಳಿಯಲ್ಲೇ ಇತ್ತು.

ಓದು ಮುಗಿದ ಮೇಲೆ ಪಾದ್ರಿಗಳ ಬದುಕು ಹೇಗಿರುತ್ತದೆ ಅನ್ನೋದು ಚರ್ಚಿನ ಪಕ್ಕ ಇದ್ದವರಿಗೆ ಚೆನ್ನಾಗಿ ಗೊತ್ತು. ನಾವು ಚಿಕ್ಕವರಿದ್ದಾಗ ಬೇಲಿಯಾಚೆಯ ಮನೆಯೇ ಅಯ್ಯನವರದು. ಮಂಚ, ಮೇಜು, ಕಪಾಟು ಎಲ್ಲ ಸಭೆಯ ಆಸ್ತಿ. ವರ್ಗವಾದಾಗ ಗಾಡಿ ಹತ್ತುತ್ತಿದ್ದದ್ದು ಎರಡು ಟ್ರಂಕು, ಪಾತ್ರೆಯ ಗಂಟು, ಒಂದು ಹಾರ್ಮೋನಿಯಂ, ಮಿಕ್ಕಿದ್ದೆಲ್ಲ ಪುಸ್ತಕ. ಒಬ್ಬ ಅಯ್ಯನವರು ಹಿತ್ತಲಲ್ಲಿ ಪೇರಲ ನೆಟ್ಟರು, ಕಾಯಿ ಬಿಡೋ ಹೊತ್ತಿಗೆ ವರ್ಗ. ಮುಂದೆ ಬಂದವರು ಆ ಪೇರಲ ಕಿತ್ತು ನಮಗೂ ಕೊಟ್ಟರು, ತಾವೊಂದು ಚಿಕ್ಕು ನೆಟ್ಟರು, ಅವರಿಗೂ ವರ್ಗ! ನಮ್ಮವ್ವ ಬೇಲಿ ಮೇಲಿಂದ, “ಏನ್ರೀ ಅಮ್ಮಾರ, ಬೇರು ಬಿಡೂದ್ರಾಗ ಹೊಂಟ್ರಲ್ಲ” ಅನ್ನೋಳು. ಅಮ್ಮಾರು ನಕ್ಕು, ಹೋಗೋ ಊರಿನ ನೀರು ಹೆಂಗೈತಿ ಅಂತ ಇವಳನ್ನೇ ವಿಚಾರಿಸೋರು.

ಎಲ್ಲಿದ್ದೆ? ಹಾಂ, ಉತ್ತಂಗಿಯವರು. ಉತ್ತರ ಕರ್ನಾಟಕದ ಊರುಗಳಲ್ಲಿ ಅವರದೂ ಇದೇ ತಿರುಗಾಟ. ಭಾನುವಾರದ ಆರಾಧನೆ, ಹೊಸ ಕೂಸಿಗೆ ದೀಕ್ಷಾಸ್ನಾನ, ಮದುವೆ, ಮಣ್ಣು, ಹಳ್ಳಿಯ ಸಂತೆಯಲ್ಲಿ ನಿಂತು ಬೋಧನೆ. ಈ ತಿರುಗಾಟದಲ್ಲೇ ಸರ್ವಜ್ಞ ಕೈಗೆ ಸಿಕ್ಕಿದ್ದು. ತ್ರಿಪದಿ ಕೂಡಿಸೋದು ಸುಲಭದ ಕೆಲಸವೇನ್ರೀ? ಒಂದೂರಿನ ಗೌಡ ಹೇಳಿದ್ದಕ್ಕೂ ಇನ್ನೊಂದೂರಿನ ಅಜ್ಜಿ ಹೇಳಿದ್ದಕ್ಕೂ ಮೂರನೇ ಸಾಲು ಹೊಂದೋದಿಲ್ಲ. ತಾಳೆಗರಿಯಲ್ಲಿ ಒಂದು ರೀತಿ, ಬಾಯಲ್ಲಿ ಇನ್ನೊಂದು ರೀತಿ. ಅಂಕಿತ ಸರ್ವಜ್ಞನದಿದ್ದರೂ ಮಾತು ಅವನದಲ್ಲದ್ದು ಬೇರೆ. ಇದನ್ನೆಲ್ಲ ಒರೆಗೆ ಹಚ್ಚಿ, ವಿಷಯವಾರು ಜೋಡಿಸಿ, ಸುಮಾರು ಎರಡು ಸಾವಿರ ವಚನಗಳನ್ನು 1924ರಲ್ಲಿ ಅಚ್ಚಿಗೆ ತಂದರು. ವಿಶ್ವವಿದ್ಯಾಲಯದ ಸಂಬಳವಿಲ್ಲ, ಸಹಾಯಕರ ದಂಡಿಲ್ಲ. ಸಭೆಯ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ ಮಾಡಿದ್ದು!

ಪಾದ್ರಿಗೆ ಸರ್ವಜ್ಞ ಯಾಕೆ ಬೇಕಾಗಿದ್ದ ಅಂತ ಕೆಲವರು ಅನುಮಾನದಿಂದ ಕೇಳುತ್ತಾರೆ. ನನಗಂತೂ ಇದರಲ್ಲಿ ಸೋಜಿಗ ಕಾಣೋದಿಲ್ಲ. ಇಬ್ಬರೂ ಮನೆ ಮನೆ ಬಾಗಿಲಿಗೆ ಹೋದವರು, ಜಾತಿ ನೋಡದೆ ಮಾತಾಡಿದವರು. ಉತ್ತಂಗಿಯವರು ತಮ್ಮ ಪುಸ್ತಕವೊಂದಕ್ಕೆ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಅಂತಲೇ ಹೆಸರಿಟ್ಟರು. ವಿನಂತಿ ಅಂದರು, ಗಮನಿಸಿ. ಏಸುವಿನ ಮೇಲಿನ ಭಕ್ತಿ ಕೊನೆವರೆಗೂ ಗಟ್ಟಿಯಾಗಿತ್ತು, ಬಸವಣ್ಣನ ಮೇಲಿನ ಪ್ರೀತಿಯೂ ಅಷ್ಟೇ ಗಟ್ಟಿ. ಅನುಭವ ಮಂಟಪ ನಿಜಕ್ಕೂ ಇತ್ತೋ ಇಲ್ಲವೋ ಅಂತ ಪಂಡಿತರಲ್ಲಿ ವಾದ ಎದ್ದಾಗ, ಇತ್ತು ಅಂತ ಆಧಾರ ಕೊಟ್ಟು ಪುಸ್ತಕ ಬರೆದವರೂ ಇವರೇ. ಮೋಳಿಗೆ ಮಾರಯ್ಯನ ವಚನಗಳನ್ನು ಸಂಪಾದಿಸಿದರು. ಒಂದು ದೇವರನ್ನು ಮನಸಾರೆ ನಂಬಿದವನು ಪಕ್ಕದ ಮನೆಯ ದೇವರ ಮಾತನ್ನೂ ಮರ್ಯಾದೆಯಿಂದ ಕೇಳಬಲ್ಲ, ಅಲ್ವಾ?

1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿ ಇನ್ನೂ ವರ್ಷ ದಾಟಿರಲಿಲ್ಲವೋ, ದಾಟಿತ್ತೋ, ಅಂಥ ಹೊತ್ತು. ಕನ್ನಡಕ್ಕಾಗಿ ಹಂಬಲಿಸಿದ ಆ ನೆಲದಲ್ಲಿ ಕನ್ನಡದ ಹಿರಿಯ ಪೀಠಕ್ಕೆ ಒಬ್ಬ ಸಭಾಪಾಲಕರನ್ನು ಕೂರಿಸಿದರಲ್ಲ, ಆಗಿನವರ ಮನಸ್ಸು ದೊಡ್ಡದು. ‘ತಿರುಳ್ಗನ್ನಡದ ತಿರುಕ’ ಅಂತ ಜನ ಕರೆದರು. 1962ರಲ್ಲಿ ತೀರಿಕೊಂಡರು.

ಸರ್ವಜ್ಞ ಜಯಂತಿ ಬಂದರೆ ಭಾಷಣಗಳಿಗೆ ಬರವಿಲ್ಲ. ಮಾಡುವವರಲ್ಲಿ ನನ್ನದೊಂದೇ ಕೋರಿಕೆ: ತ್ರಿಪದಿ ಹೇಳುವ ಮೊದಲು ಅದನ್ನು ಉಳಿಸಿಕೊಟ್ಟ ಅಯ್ಯನವರ ಹೆಸರನ್ನೂ ಒಮ್ಮೆ ಹೇಳಿಬಿಡಿ. ಅಷ್ಟು ಋಣ ನಮ್ಮ ಮೇಲಿದೆ.