ಮೈನಸ್ 40ರ ನೀಲಿ ನೀರು

ಇರಕಲ್ಲಗಡದ ಚಳಿಯನ್ನು ಅಳೆಯಲು ನಮ್ಮ ಮನೆಯಲ್ಲಿರುವ ಏಕೈಕ ಸಾಧನ ಕೊಬ್ಬರಿ ಎಣ್ಣೆಯ ಬಾಟಲಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಆ ಎಣ್ಣೆ ಗಟ್ಟಿಯಾಗುತ್ತದೆ. ಅದು ಬಾಟಲಿಯಿಂದ ಇಳಿಯಲೊಲ್ಲೆ ಎಂದ ದಿನ ಅವ್ವ ಕಂಬಳಿ ತೆಗೆಯುತ್ತಾಳೆ, ಹೆಂಡತಿ ಬಾಟಲಿಯನ್ನು ಬಿಸಿಲಿಗಿಡುತ್ತಾಳೆ, ನಾನು ಕಾರಿನ ಬಗ್ಗೆ ಚಿಂತಿಸುತ್ತೇನೆ. ನೀರು ಹೆಪ್ಪುಗಟ್ಟಲು ಸೊನ್ನೆ ಡಿಗ್ರಿ ಬೇಕು. ಆ ಸೊನ್ನೆ ನಮ್ಮ ಕೊಪ್ಪಳ ಜಿಲ್ಲೆಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಆದರೆ ಕೆಲಸವಿಲ್ಲದವನ ಚಿಂತೆಗೆ ಡಿಗ್ರಿಯ ಹಂಗೆಲ್ಲಿ?

ಈ ಚಿಂತೆ ಹಚ್ಚಿದವನು ಕೆನಡಾದ ಎಡ್ಮಂಟನ್‌ನಲ್ಲಿರುವ ನನ್ನ ಅಕ್ಕನ ಮಗ. ವಿಡಿಯೋ ಕಾಲ್‌ನಲ್ಲಿ ಒಂದು ನೀಲಿ ನೀರಿನ ಕ್ಯಾನು ಎತ್ತಿ ಹಿಡಿದು, “ಮಾಮಾ, ನೀವು ಕಾರಿನ ಗಾಜು ತೊಳಿಯಾಕ ಏನು ಹಾಕ್ತೀರಿ?” ಅಂದ. “ನೀರು” ಅಂದೆ, ಗಾಂಭೀರ್ಯದಿಂದ. ಅವನು ಮರುಗಿದ. ಅಲ್ಲಿ ಬರೀ ನೀರು ಹಾಕಿದರೆ ಟ್ಯಾಂಕಿನಲ್ಲೇ ಮಂಜುಗಡ್ಡೆಯಾಗಿ ಟ್ಯಾಂಕು, ಪಂಪು ಎರಡೂ ಒಡೆಯಬಹುದಂತೆ. ಚಿಮ್ಮಿದರೂ ಗಾಜಿನ ಮೇಲೆ ಬಿದ್ದೊಡನೆ ಬಿಳಿ ಪರದೆಯಾಗಿ ಮುಂದಿನ ರಸ್ತೆಯೇ ಮಾಯವಂತೆ. ಅದಕ್ಕೇ ನೀರಿಗೆ ಮೆಥನಾಲ್ ಬೆರೆಸಿರುತ್ತಾರೆ. ಕ್ಯಾನಿನ ಮೇಲೆ ಮೈನಸ್ 40 ಎಂದು ಬರೆದಿತ್ತು.

ಅಂದಿನಿಂದ ನನಗೆ ಆ ನೀಲಿ ಬಣ್ಣದ್ದೇ ಧ್ಯಾನ. ಹೆಂಡತಿಗೆ ಶಾಸ್ತ್ರ ಹೇಳಿದೆ: “ಮೈನಸ್ ನಲವತ್ತರ ವಿಶೇಷ ಗೊತ್ತೇನು? ಸೆಲ್ಸಿಯಸ್‌ನಾಗೂ ಅಷ್ಟ, ಫ್ಯಾರನ್‌ಹೀಟ್‌ನಾಗೂ ಅಷ್ಟ!”

“ಯಾವುದ್ರಾಗಿದ್ರೂ ನಮಗ ಬ್ಯಾಡ್ರಿ” ಅಂದಳು.

ಎದುರು ಮನೆಯ ಕಾಕಾ ಮಾತ್ರ ಆಸಕ್ತಿಯಿಂದ, “ಅದನ್ನ ಕುಡಿದ್ರ ಏರತೈತೇನು?” ಎಂದು ಕೇಳಿದರು. ಏರುವುದೇನು, ಕಣ್ಣೂ ಹೋಗಬಹುದು, ಜೀವವೂ ಹೋಗಬಹುದು ಎಂದೆ. ಯುರೋಪಿನಲ್ಲಿ ಕಾಕಾನಂಥವರು ಬಹಳ ಇದ್ದಿರಬೇಕು. ಅಗ್ಗದ ಮದ್ಯವೆಂದು ಕೆಲವರು ಇದನ್ನೇ ಕುಡಿಯತೊಡಗಿದ್ದರಿಂದ, ಈ ದ್ರವದಲ್ಲಿ ಮೆಥನಾಲ್ ಶೇಕಡಾ 0.6 ಮೀರಬಾರದೆಂದು ಯುರೋಪಿಯನ್ ಒಕ್ಕೂಟ 2018ರಲ್ಲಿ ನಿಯಮವನ್ನೇ ಮಾಡಿತು. ಮಜ್ಜಿಗೆ ಗಡಿಗೆಯ ಪಕ್ಕ ಇಡುವ ಸಾಮಾನು ಇದಲ್ಲವೆಂದು ಅವ್ವ ತೀರ್ಪು ಕೊಟ್ಟಳು.

ಹಾಗಾದರೆ ನಮ್ಮ ಗಾಜಿಗೆ ಏನು ಬೇಕು? ಅದರ ಮೇಲೆ ಬೀಳುವುದೇನು ಎಂಬುದನ್ನು ನೋಡಬೇಕು. ಎಡ್ಮಂಟನ್‌ನಲ್ಲಿ ಹಿಮ ಬಿದ್ದರೆ ನಮ್ಮಲ್ಲಿ ಸುಗ್ಗಿ ಬೀಳುತ್ತದೆ. ಚಳಿಗಾಲವೆಂದರೆ ರಸ್ತೆಯ ಮೇಲೆ ಹುರುಳಿ, ತೊಗರಿ ಹರವುವ ಕಾಲ. ಒಕ್ಕಣೆಯ ಕೆಲಸವನ್ನು ಕೂಲಿಯಿಲ್ಲದೆ ನಮ್ಮ ಟೈರುಗಳು ಮಾಡಿಕೊಡುತ್ತವೆ. ಹೊಟ್ಟು ಮುಂದಿನ ಗಾಜಿನ ಪಾಲಿಗೆ. ಗಿಣಿಗೇರಿ ಕಡೆ ಹೋಗಿ ಬಂದರೆ ಕಾರ್ಖಾನೆಗಳ ಕರಿ ಧೂಳು ಅದರ ಮೇಲೆ. ಬೆಳಗಿನ ಜಾವ ಇಬ್ಬನಿ ಬಿದ್ದು ಎಲ್ಲವನ್ನೂ ನಾದುತ್ತದೆ. ಆಗ ವೈಪರ್ ಹಾಕಿದರೆ ಅದು ಒರೆಸುವುದಿಲ್ಲ; ಅವ್ವ ಅಂಗಳಕ್ಕೆ ಸೆಗಣಿ ಸಾರಿಸಿದ ಹಾಗೆ ಈ ತುದಿಯಿಂದ ಆ ತುದಿಗೆ ನೀಟಾಗಿ ಸಾರಿಸುತ್ತದೆ.

ಇದಕ್ಕೆ ಬೋರ್‌ವೆಲ್ ನೀರು ಚಿಮ್ಮಿಸಿದರೆ ಇನ್ನೊಂದು ಸೊಬಗು. ಆ ಗಡಸು ನೀರಿನ ಸುಣ್ಣದಂಶ ಒಣಗಿ ಗಾಜಿಗೆ ಬಿಳಿ ವಿಭೂತಿ ಬಳಿಯುತ್ತದೆ, ನೀರು ಚಿಮ್ಮುವ ತೂತುಗಳನ್ನೂ ಮುಚ್ಚುತ್ತದೆ. ನಾನು ಹೆಂಡತಿಯ ಸೀರೆಯ ಪಿನ್ನು ಹಿಡಿದು ಬಾನೆಟ್ಟಿನ ಮೇಲೆ ಬಗ್ಗಿ ನಿಂತರೆ ಓಣಿಯ ಹುಡುಗರು ಕಾರಿಗೆ ಇಂಜೆಕ್ಷನ್ ಮಾಡುತ್ತಿದ್ದೇನೆ ಎಂದುಕೊಳ್ಳುತ್ತಾರೆ.

ಮನೆಯಲ್ಲಿ ಸಭೆ ಸೇರಿತು. ಅವ್ವ ಅಂಟುವಾಳಕಾಯಿ ಎಂದಳು. ಅದರ ಚೂರು ಪಂಪಿಗೆ ಸಿಕ್ಕರೆ ಮತ್ತೆ ಪಿನ್ನೇ ಗತಿ. ಮಗ ತನ್ನ ಶಾಂಪೂ ತ್ಯಾಗ ಮಾಡಲು ಮುಂದೆ ಬಂದ. ನೊರೆ ಎದ್ದು, ಒಣಗಿದ ಮೇಲೆ ಗಾಜಿನ ತುಂಬ ಪಟ್ಟೆ. ಮೆಕ್ಯಾನಿಕ್ಕು, “ಅರ್ಧ ಡಬ್ಬಿ ಕೂಲೆಂಟ್ ಉಳದೈತ್ರಿ, ಹಾಕಿಬಿಡ್ಲೇನು?” ಅಂದ. ಕೂಲೆಂಟು ಇಂಜಿನ್ನಿಗೆ ಅಮೃತ, ಗಾಜಿಗೆ ಜಿಗಟು, ಮೇಲಾಗಿ ವಿಷ. ಬರೀ ನೀರೇ ಸಾಕು ಎನ್ನುವಂತೆಯೂ ಇಲ್ಲ. ನಿಂತ ನೀರಿನಲ್ಲಿ ಪಾಚಿ ಕಟ್ಟುತ್ತದೆ. ತೊಳೆಯುವ ದ್ರವ ಬೆರೆಸದ ವಾಷರ್ ನೀರಿಗೂ ಲೀಜನೇರ್ಸ್ ಎಂಬ ನ್ಯುಮೋನಿಯಾಕ್ಕೂ ನಂಟಿರುವುದನ್ನು ಬ್ರಿಟನ್ನಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ್ದಾರೆ.

ಕೊನೆಗೆ ನಾನು ಕಂಡುಕೊಂಡ ಸೂತ್ರ: ಆಟೊಮೊಬೈಲ್ ಅಂಗಡಿಯ ಸಾದಾ ವಾಷರ್ ದ್ರವವನ್ನು ಡಬ್ಬಿಯ ಮೇಲಿನ ಅಳತೆಯಂತೆ ಶುದ್ಧ ಕುಡಿಯುವ ನೀರಿನ ಘಟಕದ ನೀರಿಗೆ ಬೆರೆಸುವುದು. ಆ ನೀರಿನಲ್ಲಿ ಸುಣ್ಣ ಕಡಿಮೆ. ಆದರೆ ಅದೇ ಕಾರಣಕ್ಕೆ ಅಡುಗೆಮನೆಗೂ ಅದೇ ನೀರು ಬೇಕು. ಗಡಸು ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಕ್ಯಾನಿಗೆ ನಾನು ಕೈ ಹಾಕಿದೊಡನೆ ಒಳಗಿನಿಂದ ದನಿ ಬಂತು: “ಇವತ್ತು ಸಾರು ಬೇಕೋ, ಗಾಜು ಬೇಕೋ? ಒಂದು ಹೇಳ್ರಿ.”

ಎರಡಕ್ಕೂ ಸಾಲುವಷ್ಟು ನೀರು ತಂದ ಮೇಲೆ, ಜನವರಿಯ ಗವಿಮಠದ ಜಾತ್ರೆಗೆ ನಸುಕಿನಲ್ಲೇ ಕೊಪ್ಪಳಕ್ಕೆ ಹೊರಟೆವು. ಮಹಾದಾಸೋಹಕ್ಕೆ ಕೊಡಲು ರೊಟ್ಟಿಯ ಗಂಟು ಅವ್ವನ ತೊಡೆಯ ಮೇಲೆ. ಗುಂಡಿ ಒತ್ತಿದೆ, ಹೊಟ್ಟು, ಕರಿ, ಇಬ್ಬನಿ ಎಲ್ಲ ಒಂದೇ ಬೀಸಿಗೆ ಮಾಯ. ಹುರುಪಿನಲ್ಲಿ ಮೆಥನಾಲ್‌ನಿಂದ ಹಿಡಿದು ಸುಣ್ಣದವರೆಗೆ ಎಲ್ಲ ಮತ್ತೆ ವಿವರಿಸತೊಡಗಿದೆ. ನೋಡನೋಡುತ್ತಲೇ ಗಾಜು ಮಸುಕಾಯಿತು. ಮತ್ತೆ ಗುಂಡಿ ಒತ್ತಿದರೂ ಮಸುಕೇ.

“ಅದು ಒಳಗಿನ ಹಬೆ” ಎಂದೆ. “ಮನಷ್ಯಾರ ಉಸಿರಿನ ತೇವ ತಣ್ಣನ ಗಾಜಿಗೆ ಬಡದು...”

“ಅಂದ್ರ ಮಾತಾಡಿದಷ್ಟೂ ಜಾಸ್ತಿ ಅಲ್ಲೇನ್ರಿ?” ಎಂದಳು ಹೆಂಡತಿ. “ನೀವು ಸುಮ್ಮನಾಗ್ರಿ, ತಾನಾ ತಿಳಿ ಆಗತೈತಿ.”

ಸುಮ್ಮನಾದೆ. ಸ್ವಲ್ಪ ಹೊತ್ತಿಗೆ ಗಾಜು ನಿಜಕ್ಕೂ ತಿಳಿಯಾಯಿತು. ಹಿಂದೆ ಅವ್ವ ಕಿಟಕಿ ಇಳಿಸಿದ್ದಳು. ಹೊರಗಿನ ಒಣ ಗಾಳಿ ಬಂದು ಹಬೆ ಹೋಗಿತ್ತು, ಅಷ್ಟೇ. ಆದರೆ ಈ ವೈಜ್ಞಾನಿಕ ಸತ್ಯವನ್ನು ಹೇಳಬೇಕೆಂದರೆ ನಾನು ಬಾಯಿ ಬಿಡಬೇಕಾಗಿತ್ತು.