ಚೂರ್ಣಾಹಾರ ಮೀಮಾಂಸೆ

ಶಾಸ್ತ್ರಗ್ರಂಥಕ್ಕೆ ಅನುಬಂಧ ಚತುಷ್ಟಯ ಬೇಕು. ಇಲ್ಲದಿದ್ದರೆ ಪಂಡಿತರು ಪುಟ ತಿರುಗಿಸುವುದಿಲ್ಲ. ವಿಷಯ: ಡಬ್ಬದ ಪುಡಿಯನ್ನು ನೀರಿಗೆ ಕದಡಿ ಕುಡಿದು, ಊಟವನ್ನೇ ಬಿಟ್ಟು ಬದುಕಬಹುದೇ ಎಂಬುದು. ಅಧಿಕಾರಿ: ಹಸಿವಿದ್ದೂ ಒಲೆ ಹಚ್ಚಲು ಮೈಬಗ್ಗದವನು. ಪ್ರಯೋಜನ: ತೊಳೆಯಲು ಒಂದೇ ಲೋಟ. ಸಂಬಂಧ: ಪುಡಿಗೂ ನೀರಿಗೂ ಇರತಕ್ಕದ್ದು, ಅದು ಕೆಟ್ಟಲ್ಲಿ ಗಂಟು.

ಇನ್ನು ಪೂರ್ವಪಕ್ಷ. ದೇಹ ಕೇಳುವುದು ಪೋಷಕಾಂಶವನ್ನು. ಹುಳಿ, ಪಲ್ಯ, ಹಪ್ಪಳಗಳೆಲ್ಲ ಅದರ ಉಪಾಧಿಗಳು ಮಾತ್ರ. ಉಪಾಧಿ ಕಳಚಿದ ಮೇಲೆ ಉಳಿಯುವ ನಿರ್ಗುಣ ಆಹಾರವೇ ಪುಡಿ. ಈ ಅದ್ವೈತವನ್ನು 2013ರಲ್ಲಿ ಪ್ರತಿಪಾದಿಸಿದವರು ಅಮೆರಿಕದ ಎಂಜಿನಿಯರ್ ರಾಬ್ ರೈನ್‌ಹಾರ್ಟ್. ಬೇಕಾದ ಪೋಷಕಾಂಶಗಳ ಪಟ್ಟಿ ಮಾಡಿ, ಒಂದೊಂದನ್ನೂ ತರಿಸಿ, ಕಲಸಿ ಕುಡಿದರು. ‘ಸಾಯ್ಲೆಂಟ್’ ಎಂದು ಹೆಸರಿಟ್ಟರು. 1973ರ ಸಿನಿಮಾವೊಂದರಲ್ಲಿ ಈ ಹೆಸರು ಹೊತ್ತ ತಿನಿಸು ಮನುಷ್ಯರ ಹೆಣದಿಂದ ತಯಾರಾಗುತ್ತದೆ. ಪಂಥಕ್ಕೆ ಅಪಶಕುನದ ಭಯವಿಲ್ಲವೆಂಬುದು ಇದರಿಂದ ಸಿದ್ಧ.

ಆದರೆ ಮೊದಲ ಪಾಕದಲ್ಲಿ ಕಬ್ಬಿಣಾಂಶ ಹಾಕುವುದೇ ಬಿಟ್ಟುಹೋಯಿತು. ಎದೆ ಡವಡವ ಹೊಡೆದುಕೊಂಡ ಮೇಲೆ ಸೇರಿಸಿದರಂತೆ. ಹಾಗೆಂದು ಬರೆದವರು ಅವರೇ ಆದ್ದರಿಂದ ಇದು ಆಪ್ತವಾಕ್ಯ, ಪ್ರಮಾಣ.

ಇಲ್ಲಿಯೇ ಸಿದ್ಧಾಂತಿ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಾನೆ. ಮರೆವು ಅಡುಗೆಮನೆಗೂ ಉಂಟು. ಇವತ್ತು ಬರೀ ತಿಳಿಸಾರು, ನಾಳೆ ಸೊಪ್ಪಿನ ಬಸ್ಸಾರು, ನಾಡಿದ್ದು ಯಾರದ್ದೋ ಮದುವೆ. ಒಂದರ ಕೊರತೆಯನ್ನು ಇನ್ನೊಂದು, ಯಾರೂ ಲೆಕ್ಕ ಹಾಕದೆಯೇ, ತುಂಬಿಬಿಡುತ್ತದೆ. ಪುಡಿಯ ಮರೆವಾದರೋ ಬಲು ಅಚ್ಚುಕಟ್ಟು. ಬೆಳಗ್ಗೆ ಬಿಟ್ಟದ್ದನ್ನೇ ಮಧ್ಯಾಹ್ನವೂ ರಾತ್ರಿಯೂ, ಅಳತೆ ತಪ್ಪದೆ, ಬಿಡುತ್ತದೆ.

ದೃಷ್ಟಾಂತ ಬೇಕಾದವರು 1970ರ ದಶಕದ ಅಮೆರಿಕವನ್ನು ನೋಡಬಹುದು. ಊಟ ಬಿಟ್ಟು ‘ಲಿಕ್ವಿಡ್ ಪ್ರೋಟೀನ್’ ಕುಡಿದರೆ ತೂಕ ಇಳಿಯುವುದೆಂದು ಅಲ್ಲಿನ ಜನ ನಂಬಿದರು, ಇಳಿಯಿತು ಕೂಡ. ಆ ಸರಕಿನ ಮೂಲ ಪ್ರಾಣಿಗಳ ಚರ್ಮ, ಸ್ನಾಯುರಜ್ಜುಗಳಿಂದ ತೆಗೆದ ಕೊಲಾಜೆನ್. ಕೊಲಾಜೆನ್ನಿನಲ್ಲಿ ದೇಹಕ್ಕೆ ಬೇಕೇ ಬೇಕಾದ ಟ್ರಿಪ್ಟೊಫಾನ್ ಇಲ್ಲ. ಹತ್ತಾರು ಮಂದಿ ಸತ್ತರು, ಹಲವರು ಹೃದಯದ ಲಯ ತಪ್ಪಿ. ‘ಅದು ದ್ರವ, ನಮ್ಮದು ಪುಡಿ’ ಎಂಬ ಆಕ್ಷೇಪ ನಿಲ್ಲದು. ಗಂಟಲಿಳಿಯುವಾಗ ಪುಡಿಯೂ ದ್ರವವೇ.

ಹಾಗೆಂದು ಪುಡಿಯನ್ನು ವಿಷವೆನ್ನುವವನೂ ಶಾಸ್ತ್ರ ಓದಿದವನಲ್ಲ. ಬ್ರಿಟನ್ನಿನ ‘ಡೈರೆಕ್ಟ್’ ಪ್ರಯೋಗದಲ್ಲಿ ಟೈಪ್ 2 ಮಧುಮೇಹಿಗಳು ಮೂರರಿಂದ ಐದು ತಿಂಗಳು, ದಿನಕ್ಕೆ ಸುಮಾರು 850 ಕ್ಯಾಲೊರಿಯಂತೆ, ಶೇಕು-ಸೂಪುಗಳಲ್ಲೇ ಕಳೆದರು. 2017ರ ವರದಿಯಂತೆ ವರ್ಷ ತುಂಬುವಾಗ ಹೆಚ್ಚುಕಡಿಮೆ ಅರ್ಧ ಮಂದಿಯ ಸಕ್ಕರೆ ಮಾತ್ರೆಯಿಲ್ಲದೆ ಹತೋಟಿಯಲ್ಲಿತ್ತು. ಆದರೆ ಅಲ್ಲಿ ಅವಧಿ ಗೊತ್ತಿತ್ತು, ಕಣ್ಣಿಡಲು ನರ್ಸು-ಪಥ್ಯತಜ್ಞರಿದ್ದರು, ಕೊನೆಗೆ ಎಲ್ಲರನ್ನೂ ಹಂತಹಂತವಾಗಿ ತಟ್ಟೆಗೇ ಮರಳಿಸಿದರು.

ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕೂಡ 1950ರ ದಶಕದಲ್ಲಿ ಪುಡಿಯೊಂದನ್ನು ಮಾಡಿತ್ತು: ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು, ಮೇಲೆ ವಿಟಮಿನ್ನು, ಕ್ಯಾಲ್ಸಿಯಂ. ಅದು ಬಡವರ ಊಟಕ್ಕೆ ಬೆರೆಸಲು. ಊಟವನ್ನೇ ಮನೆಯಿಂದ ಹೊರಹಾಕುವ ಯೋಚನೆ ಆ ವಿಜ್ಞಾನಿಗಳಿಗೆ ಹೊಳೆಯಲಿಲ್ಲ, ಪಾಪ. ರಾಗಿ ಹುರಿಹಿಟ್ಟಿಗೂ ಅಂಥ ಮಹತ್ವಾಕಾಂಕ್ಷೆ ಇರಲಿಲ್ಲ. ಹಾಲು ಬೆಲ್ಲದಲ್ಲಿ ಕಲಸಿಕೊಂಡು ತಿಂದವರು ಮಧ್ಯಾಹ್ನ ಮುದ್ದೆಗೂ ಕೂರುತ್ತಿದ್ದರು.

ಅಪಾನವಾಯು ಪ್ರಕರಣವನ್ನು ಸಭಾಮರ್ಯಾದೆಗಾಗಿ ಸಂಕ್ಷೇಪಿಸಿದೆ: 2014ರಲ್ಲಿ ಸಾಯ್ಲೆಂಟ್ ಗ್ರಾಹಕರು ದೂರಿದರು, ಕಂಪನಿ ಕಿಣ್ವ ಸೇರಿಸಿತು.

ಉಳಿದದ್ದು ದಂತಪ್ರಕರಣ. ಪುಡಿಯೇ ಸಾಕಾದಲ್ಲಿ ಹಲ್ಲುಗಳ ಗತಿಯೇನು? ಪಂಥದವರಿಗೂ ಈ ಶಂಕೆ ಬಂದಿತ್ತೆಂದು ಕಾಣುತ್ತದೆ. 2016ರಲ್ಲಿ ಸಾಯ್ಲೆಂಟ್ ಕಂಪನಿಯೇ ಅಗಿದು ತಿನ್ನುವ ಬಾರ್ ತಂದಿತು. ತಿಂದ ಕೆಲವರಿಗೆ ವಾಂತಿ, ಭೇದಿ. ಅಕ್ಟೋಬರಿನಲ್ಲಿ ಮಾರಾಟ ನಿಲ್ಲಿಸಿದ ಕಂಪನಿ, ಕೈಯಲ್ಲಿ ಉಳಿದದ್ದನ್ನು ಬಿಸಾಡಿ ಎಂದು ಗ್ರಾಹಕರಿಗೆ ತಿಳಿಸಿ, ಹಣ ವಾಪಸು ಕೊಟ್ಟಿತು.