ಡೀಫಾಲ್ಟ್ ನಿರ್ಣಯ ಮಂಜರಿ

ವಿಷಯಪ್ರವೇಶ

ಒಂದು ಒರೆಯಲ್ಲಿ ಎರಡು ಕತ್ತಿ ಇರಲಾರವು ಎಂಬ ಗಾದೆ ಹುಟ್ಟಿದಾಗ ಡ್ಯುಯಲ್ ಬೂಟ್ ಕಂಪ್ಯೂಟರ್ ಇನ್ನೂ ಹುಟ್ಟಿರಲಿಲ್ಲ. ಈಗ ಒಂದೇ ಹಾರ್ಡ್‌ಡಿಸ್ಕಿನಲ್ಲಿ ವಿಂಡೋಸೂ ಉಬುಂಟುವೂ ಅಣ್ಣತಮ್ಮಂದಿರ ಹಾಗೆ ಬೇರೆ ಬೇರೆ ಒಲೆ ಹೂಡಿಕೊಂಡು ಇರುತ್ತವೆ. ಬಟನ್ ಒತ್ತಿದಾಗ ಮೊದಲು ಎದ್ದು ಬರಬೇಕಾದವರು ಯಾರು ಎಂಬ ಪ್ರಶ್ನೆ ಮಾತ್ರ ಶಾಸ್ತ್ರಕಾರರ ಕಣ್ಣು ತಪ್ಪಿಸಿಕೊಂಡು ಉಳಿದಿದೆ. ಅದನ್ನು ಇತ್ಯರ್ಥಪಡಿಸುವುದು ಈ ಪ್ರಬಂಧದ ಉದ್ದೇಶ.

ಅಧ್ಯಯನಕ್ಕೆ ಹಾವೇರಿ ಜಿಲ್ಲೆಯನ್ನು ಆರಿಸಿಕೊಳ್ಳಲು ಮೂರು ಕಾರಣ. ಒಂದು, ಈ ಜಿಲ್ಲೆ ಹುಟ್ಟಿದ್ದೇ ವಾಟ್ನಿಯಲ್ಲಿ. 1997ರಲ್ಲಿ ಹಳೆಯ ಧಾರವಾಡ ಜಿಲ್ಲೆಯನ್ನು ಧಾರವಾಡ, ಗದಗ, ಹಾವೇರಿ ಎಂದು ಮೂರು ಪಾಲು ಮಾಡಿದರು. ಡಿಸ್ಕ್ ಪಾರ್ಟಿಶನ್ ಎಂದರೇನೆಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಎರಡು, 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿ ಸ್ವತಃ ಡ್ಯುಯಲ್ ಬೂಟ್. ಗಿಡ್ಡಗೆ ದುಂಡಗಿರುವುದು ಡಬ್ಬಿ; ಉದ್ದಕ್ಕೆ, ತೆಳ್ಳಗೆ, ಸುಕ್ಕುಗಟ್ಟಿರುವುದು ಕಡ್ಡಿ. ಗಿರಾಕಿ ಯಾವುದೆಂದು ಹೇಳದೆ ಬರೀ "ಬ್ಯಾಡಗಿ ಕಾಯಿ ಕೊಡ್ರಿ" ಎಂದಾಗ ಅಂಗಡಿಯವನ ಕೈ ಯಾವ ಚೀಲಕ್ಕೆ ಹೋಗುತ್ತದೋ ಅದೇ ಡೀಫಾಲ್ಟ್. ಇದಕ್ಕಿಂತ ಒಳ್ಳೆಯ ಲಕ್ಷಣವಾಕ್ಯ ಈ ಸಂಶೋಧಕನ ಕಣ್ಣಿಗೆ ಬಿದ್ದಿಲ್ಲ. ಮೂರು, ಸಂಶೋಧಕನ ಸೋದರಮಾವನ ಡಿಟಿಪಿ ಅಂಗಡಿ ಬ್ಯಾಡಗಿಯಲ್ಲಿದೆ. ಅಲ್ಲಿ ಚಾ ಪುಕ್ಕಟೆ.

ಶಬ್ದನಿರ್ಣಯ

ಡೀಫಾಲ್ಟ್ ಎಂಬುದಕ್ಕೆ ತಂತ್ರಾಂಶ ಕನ್ನಡಿಸುವವರು "ಪೂರ್ವನಿಯೋಜಿತ" ಎಂಬ ಪದ ಕೊಟ್ಟಿದ್ದಾರೆ. ನಮ್ಮ ಪತ್ರಿಕೆಗಳು ಬಹುಕಾಲದಿಂದ ಈ ಪದವನ್ನು ಕೊಲೆ ಸುದ್ದಿಗೆ ಬಳಸಿ ಪಳಗಿಸಿರುವುದರಿಂದ "ಪೂರ್ವನಿಯೋಜಿತ ಕಾರ್ಯಾಚರಣೆ" ಎಂದ ಕೂಡಲೆ ಪೊಲೀಸ್ ಜೀಪು ಕಣ್ಣಮುಂದೆ ಬರುತ್ತದೆ. ಬ್ಯಾಂಕಿನವರ ಅರ್ಥ ಇನ್ನೊಂದು: ಡೀಫಾಲ್ಟರ್ ಎಂದರೆ ಸುಸ್ತಿದಾರ. ಅಂಗಡಿಯಲ್ಲಿ ಮಾವನ ಮಗ "ಇದರ ಡೀಫಾಲ್ಟ್ ನೋಡ್ಬೇಕು" ಎಂದಾಗ, ಉತಾರದ ಝೆರಾಕ್ಸಿಗೆ ಕಾದು ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರು ಧೋತರ ಸರಿಮಾಡಿಕೊಂಡು, "ಎಷ್ಟ ಬಾಕಿ ಐತಿ ತಮ್ಮಾ?" ಎಂದು ಮರುಕದಿಂದ ಕೇಳಿದ್ದು ದಾಖಲಾರ್ಹ. ಎರಡೂ ಅರ್ಥಗಳ ಬೇರು ಒಂದೇ ಎಂಬುದು ನಮ್ಮ ಮತ. ಮಾಡಬೇಕಾದವನು ಗಡುವಿನೊಳಗೆ ಮಾಡದೆ ಕೂತರೆ ಆಗುವುದೇ ಡೀಫಾಲ್ಟ್.

ಕ್ಷೇತ್ರಕಾರ್ಯ

ಮಾವನ ಕಂಪ್ಯೂಟರಿನಲ್ಲಿ ಮೊದಲು ಇದ್ದದ್ದು ವಿಂಡೋಸ್ ಒಂದೇ. ಕನ್ನಡ ಗಣಕ ಪರಿಷತ್ತಿನ ನುಡಿ, ನುಡಿಯ ಅಕ್ಷರಗಳಲ್ಲಿ ಕೂಡಿಸಿಟ್ಟ ವರ್ಷಗಟ್ಟಲೆಯ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ತಹಶೀಲ್ದಾರರಿಗೆ ಅರ್ಜಿ, ಎಲ್ಲವೂ ಅದರಲ್ಲೇ. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವ ಮಗ ದೀಪಾವಳಿ ಸೂಟಿಗೆ ಬಂದವನು ಡಿಸ್ಕನ್ನು ವಾಟ್ನಿ ಮಾಡಿ ಉಬುಂಟು ಹಾಕಿದ. ಉಬುಂಟುವಿನ ಜೊತೆಗೆ ಗ್ರಬ್ ಎಂಬ ಅಗಸಿ ಕಾವಲುಗಾರನೂ ಬಂದ. ಗ್ರಬ್ ಎಂದರೆ ಗ್ರ್ಯಾಂಡ್ ಯೂನಿಫೈಡ್ ಬೂಟ್‌ಲೋಡರ್. ಎರಿಕ್ ಬೋಲಿನ್ ಎಂಬಾತ 1995ರಲ್ಲಿ ಬರೆಯಲು ಹಿಡಿದದ್ದು. ಹೆಸರಿನಲ್ಲಿ ಮಹಾ ಏಕೀಕರಣವಿದೆ. ಕೆಲಸ ಮಾತ್ರ ಇಬ್ಬರಲ್ಲಿ ಒಬ್ಬನನ್ನು ಒಳಬಿಟ್ಟು ಇನ್ನೊಬ್ಬನನ್ನು ಹೊರಗೆ ನಿಲ್ಲಿಸುವುದು. ಕೊನೆಗೆ ಬಂದವನು ಬಾಗಿಲ ಕೀಲಿಕೈ ತನ್ನ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಮನೆಗಳಲ್ಲಿ ಕಂಡದ್ದೇ. ಉಬುಂಟುವೂ ಪಟ್ಟಿಯ ತಲೆಯ ಮೇಲೆ ತನ್ನ ಹೆಸರು ಬರೆದುಕೊಂಡಿತು.

ಮಗ ಹುಬ್ಬಳ್ಳಿಗೆ ಮರಳಿದ. ಸೋಮವಾರ ಬಂತು. ಸೋಮವಾರ, ಗುರುವಾರ ಬ್ಯಾಡಗಿ ಎಪಿಎಂಸಿಯಲ್ಲಿ ಮೆಣಸಿನಕಾಯಿ ಟೆಂಡರ್. ಅಂಗಡಿ ತುಂಬ ಸೀನುವ ಜನ. ಕರೆಂಟ್ ಹೋಗಿ ಬಂತು. ಮಾವ ಚಾದ ಕಪ್ಪು ಕೆಳಗಿಡುವಷ್ಟರಲ್ಲಿ ಗ್ರಬ್ ಆಯ್ಕೆಗೆ ಕಾಯುವ ಹತ್ತು ಸೆಕೆಂಡು ಮುಗಿದು ಉಬುಂಟು ಬಂದು ಕೂತಿತ್ತು. "ಏ, ನುಡಿ ಎಲ್ಲಿ ಹೋತಲೇ?" ಎಂದು ಮಾವ ಫೋನಿನಲ್ಲಿ ಕೂಗಿದ್ದು ಫೋನ್ ಇಲ್ಲದಿದ್ದರೂ ಹುಬ್ಬಳ್ಳಿಗೆ ಮುಟ್ಟುತ್ತಿತ್ತು.

"ಅಪ್ಪಾ, ಕಾಸರಗೋಡಿನ ಕನ್ನಡ ಸಾಲಿ ಹುಡುಗ್ರು ಲಿನಕ್ಸ್ ಮ್ಯಾಲೇ ಕಲೀತಾರ."

"ಹಂಗಾರ ಈ ಲಗ್ನಪತ್ರಿಕಿ ಕಾಸರಗೋಡಿಗೆ ಕಳಸ್ಲೇನು?"

ಕೇರಳದ ಸರ್ಕಾರಿ ಶಾಲೆಗಳು ಸ್ವತಂತ್ರ ತಂತ್ರಾಂಶವನ್ನೇ ಬಳಸುವುದರಿಂದ ಮಗನ ಮಾತು ಸತ್ಯ. ಲಗ್ನ ಶುಕ್ರವಾರವೇ ಇದ್ದುದರಿಂದ ಅಪ್ಪನ ಮಾತು ಹೆಚ್ಚು ಸತ್ಯ.

ಪೂರ್ವಪಕ್ಷ

ಪಕ್ಕದ ಮೊಬೈಲ್ ಅಂಗಡಿಯವರ ಮತ: ವಿಂಡೋಸ್ ಒಳಗೆ ಎಂಎಸ್‌ಕಾನ್ಫಿಗ್ ತೆಗೆದು, ಬೂಟ್ ಎಂಬಲ್ಲಿ "ಸೆಟ್ ಆ್ಯಸ್ ಡೀಫಾಲ್ಟ್" ಒತ್ತಿದರೆ ಮುಗಿಯಿತು. ಖಂಡನೆ: ಅದು ವಿಂಡೋಸಿನ ಸ್ವಂತ ಮನೆಯ ಪಟ್ಟಿ. ಪಡಸಾಲೆಯಲ್ಲಿ ಕೂತು ಕೂಗಿದರೆ ಅಗಸಿಯ ಕಾವಲುಗಾರನಿಗೆ ಕೇಳಿಸದು.

ಎದುರಿನ ಗಿರಣಿಯವರ ಮತ: ಉಬುಂಟುವನ್ನು ಅಳಿಸಿ ಒಗೆಯಿರಿ. ಖಂಡನೆ: ಗ್ರಬ್ಬಿನ ಗಂಟುಮೂಟೆ ಇರುವುದು ಉಬುಂಟುವಿನ ಪಾಲಿನಲ್ಲೇ. ಆ ಪಾಲು ಅಳಿಸಿದರೆ ಕರಿಯ ಪರದೆಯ ಮೇಲೆ "ಗ್ರಬ್ ರೆಸ್ಕ್ಯೂ" ಎಂಬ ಎರಡೇ ಪದ ಉಳಿದು ವಿಂಡೋಸೂ ಬೀದಿಪಾಲು. ತಮ್ಮನನ್ನು ಹೊರಹಾಕುವ ಮುನ್ನ ಅವನ ಸೊಂಟದ ಕೀಲಿಕೈ ಇಸಿದುಕೊಳ್ಳಬೇಕು.

ಶಾಸನಪಾಠ

ಆದ್ದರಿಂದ ಮೂಲ ಆಧಾರಕ್ಕೇ ಹೋಗೋಣ. ಶಾಸನ ದೊರೆತ ಸ್ಥಳ: ಇಟಿಸಿ ಹೋಬಳಿ, ಡೀಫಾಲ್ಟ್ ಗ್ರಾಮ, ಗ್ರಬ್ ಎಂಬ ಕಡತ. ಲಿಪಿ: ರೋಮನ್. ಸ್ಥಿತಿ: ಚೆನ್ನಾಗಿದೆ. ಪಾಠ:

ಗ್ರಬ್_ಡೀಫಾಲ್ಟ್=0
ಗ್ರಬ್_ಟೈಮೌಟ್=10

ಸಾಲಿನ ಮೊದಲಲ್ಲಿ ಹ್ಯಾಶ್ ಗುರುತಿದ್ದರೆ ಅದು ಬರಿಯ ಟಿಪ್ಪಣಿ, ಅಸಿಂಧು. ನಮ್ಮ ಕಡೆಯ ಕಲ್ಲುಗಳ ಕೊನೆಯಲ್ಲಿ, ಇದನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನೆಂಬ ಶಾಪಾಶಯ ಇರುತ್ತದಷ್ಟೆ. ಇಲ್ಲಿ ಅದು ಗ್ರಬ್.ಸಿಎಫ್‌ಜಿ ಎಂಬ ಬೇರೊಂದು ಕಡತದ ನೆತ್ತಿಯ ಮೇಲಿದೆ: ಈ ಕಡತವನ್ನು ತಿದ್ದಬೇಡಿ. ಕಾವಲುಗಾರ ಓದುವುದು ಆ ಶಾಪದ ಕಡತವನ್ನು. ನಾವು ತಿದ್ದಬಹುದಾದದ್ದು ಈ ಶಾಸನವನ್ನು. ಇಲ್ಲಿ ಬರೆದದ್ದು ಅಲ್ಲಿಗೆ ಏರಬೇಕಾದರೆ "ಸುಡೋ ಅಪ್‌ಡೇಟ್-ಗ್ರಬ್" ಎಂಬ ಆಜ್ಞೆ ಆಗಬೇಕು. ಛಾಪಾ ಕಾಗದದ ಮೇಲೆ ವಾಟ್ನಿ ಬರೆದುಕೊಂಡರೆ ಸಾಲದು, ಉತಾರದ 9ನೇ ಕಾಲಮಿಗೆ ಹೆಸರು ಏರಬೇಕು.

ಮಗ ಫೋನಿನಲ್ಲಿ, "ಮೊದಲ ಸುಡೋ ಅಂತ ಹೊಡಿಯಪ್ಪಾ" ಎಂದ. ಮಾವ ಹೌಹಾರಿ, "ಏನ್ ಸುಡೂದೋ? ಇದರ ಕಂತs ಇನ್ನೂ ಮುಗಿದಿಲ್ಲ!" ಎಂದರು.

ಕಾಲವಿಚಾರ

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ನವರಾತ್ರಿಯ ಕಾರಣಿಕದಂದು ಗೊರವಯ್ಯ ಬಿಲ್ಲನ್ನೇರಿ "ಸದ್ದಲೇ" ಎನ್ನುತ್ತಾರೆ. ಗುಡ್ಡಕ್ಕೆ ಗುಡ್ಡವೇ ಉಸಿರು ಹಿಡಿಯುತ್ತದೆ. ಆಮೇಲೆ ಒಂದೇ ನುಡಿ; ಅದರ ಮೇಲೆ ವರ್ಷವಿಡೀ ವ್ಯಾಖ್ಯಾನ. ಗ್ರಬ್ಬಿನ ಹತ್ತು ಸೆಕೆಂಡೂ ಇಂಥದೇ ಸದ್ದಲೇ. ಆದರೆ ಇಲ್ಲಿ ನುಡಿಯಬೇಕಾದವನು ಭಕ್ತ. ಅವನು ಸುಮ್ಮನಿದ್ದರೆ ಯಂತ್ರ ನುಡಿಯುತ್ತದೆ.

ಹತ್ತರ ಜಾಗದಲ್ಲಿ -1 ಬರೆದರೆ ಗ್ರಬ್ ಎಷ್ಟು ಹೊತ್ತಾದರೂ ಕಾಯುತ್ತದೆ. ಮಾವನಿಗೆ ಈ ಮತ ಬಹಳ ಹಿಡಿಸಿತು. ಗುರುವಾರ ಕರೆಂಟ್ ಹೋಗಿ ಬಂದಾಗ ಅವಸರವಿಲ್ಲದೆ ಗಿರ್ಮಿಟ್ಟು ಮುಗಿಸಿ, ಮಿರ್ಚಿಯ ಎಣ್ಣೆ ಪೇಪರಿಗೆ ಒರೆಸಿ ಬಂದು ನೋಡಿದರೆ ಪರದೆಯ ಮೇಲೆ ಉಬುಂಟು. ಬೆಂಚಿನ ಹಿರಿಯರು ವಿನಯದಿಂದ, "ಪಾಪ, ಅದು ಆವಾಗಿಂದ ಕಾಯಾಕತ್ತಿತ್ರಿ. ನಾನs ಒಂದ ಗುಂಡಿ ಒತ್ತಿದ್ನಿ" ಎಂದರು. ಅನಂತ ಕಾಲ ಕೊಟ್ಟರೆ ನಿರ್ಣಯ ಹತ್ತಿರ ಕೂತವನ ಪಾಲಾಗುತ್ತದೆ ಎಂದು ಸಿದ್ಧವಾಯಿತು. ಮಾವ ಮರಳಿ 10 ಬರೆದರು.

ಸಂಖ್ಯಾವಿಚಾರ

ಇನ್ನು ಉಳಿದದ್ದು ಮೊದಲ ಸಾಲು. ಪಟ್ಟಿಯಲ್ಲಿ ಐದು ಸಾಲುಗಳು: ಉಬುಂಟು, ಅದರ ಹೆಚ್ಚಿನ ಆಯ್ಕೆಗಳು, ಎರಡು ಮೆಮೊರಿ ಪರೀಕ್ಷೆ, ಕಡೆಗೆ ವಿಂಡೋಸ್. ಮಾವ ಬೆರಳು ಮಡಿಚಿ ಎಣಿಸಿ 5 ಎಂದು ಬರೆದರು. ಬಂದದ್ದು ಉಬುಂಟು. ಗ್ರಬ್ ಎಣಿಸುವುದು ಸೊನ್ನೆಯಿಂದ. ವಿಂಡೋಸಿನ ಅಂಕ 4. ಇಲ್ಲದ ಅಂಕ ಹೇಳಿದರೆ ಗ್ರಬ್ ವಾದಕ್ಕಿಳಿಯದೆ ಮೊದಲನೆಯವನನ್ನು ಒಳಬಿಡುತ್ತದೆ. ಕಣದಲ್ಲಿ ರಾಶಿ ಅಳೆಯುವ ನಮ್ಮವರು ಮೊದಲ ಅಳತೆಗೆ ಒಂದು ಎನ್ನದೆ "ಲಾಭ" ಎನ್ನುತ್ತಾರೆ: ಲಾಭ, ಎರಡು, ಮೂರು. ಲಾಭದಿಂದ ಎಣಿಸುವ ಜನ ಸೊನ್ನೆಯಿಂದ ಎಣಿಸುವ ಯಂತ್ರ ಕೊಂಡದ್ದೇ ಸಕಲ ಅನರ್ಥಕ್ಕೆ ಮೂಲ.

4 ಬರೆದರೂ ನೆಮ್ಮದಿ ಶಾಶ್ವತವಲ್ಲ. ಪಟ್ಟಿಗೆ ಒಂದು ಸಾಲು ಹೆಚ್ಚು ಬಿದ್ದರೆ ಆ ಅಂಕ ಇನ್ನೊಬ್ಬರದಾಗುತ್ತದೆ. ಪಟ್ಟಿಯಲ್ಲಿರುವ ಹೆಸರನ್ನೇ, ಕಂಸವೂ ಬಿಡದಂತೆ, ಉದ್ಧರಣ ಚಿಹ್ನೆಯೊಳಗೆ ಬರೆಯುವುದು ಉತ್ತಮ ಪಕ್ಷ. ಪೋಡಿಯಾದರೆ ಸರ್ವೆ ನಂಬರು ಬದಲಾದೀತು, "ಬೇವಿನ ಗಿಡದ ಹೊಲ" ಬದಲಾಗದು. ಮಾವ ಹಾಗೆಯೇ ಬರೆದು, ದೇವರ ಹೆಸರು ಹೇಳಿ ಸುಡೋ ಹೊಡೆದರು. ವಿಂಡೋಸ್ ಬಂತು. ನುಡಿ ಬಂತು.

ಶೇಷಪ್ರಶ್ನೆ

ಬೆಳಗಿನ ಹನ್ನೊಂದಕ್ಕೆ ಹಾಕಿದ ಬಿಲ್ಲಿನ ಮೇಲೆ ಐದೂವರೆ ಎಂದು ಅಚ್ಚಾಯಿತು. ಹಿರಿಯರು ಚೀಟಿ ತಿರುಗಿಸಿ ನೋಡಿ, "ಆವಾಗ ನಾ ಎಮ್ಮಿ ಹಿಂಡಾಕತ್ತಿದ್ನೆಲ್ಲೋ" ಎಂದರು. ಉಬುಂಟು ಯಂತ್ರದ ಗಡಿಯಾರವನ್ನು ಯುಟಿಸಿ ಸಮಯಕ್ಕೆ ಇಡುತ್ತದೆ. ವಿಂಡೋಸ್ ಅದನ್ನೇ ಬ್ಯಾಡಗಿಯ ಸಮಯವೆಂದು ಓದುತ್ತದೆ. ನಡುವಿನ ಅಂತರ ಐದೂವರೆ ತಾಸು. ಉಬುಂಟುವನ್ನು ಒಂದು ಆಜ್ಞೆಯಿಂದ ಸ್ಥಳೀಯ ಸಮಯಕ್ಕೆ ಒಪ್ಪಿಸಬಹುದು. ಹೊಲ, ಮನೆ ಹಂಚಿಕೊಂಡ ಅಣ್ಣತಮ್ಮಂದಿರು ಗೋಡೆಯ ಗಡಿಯಾರ ಹಂಚಿಕೊಳ್ಳುವುದನ್ನು ಮರೆತಿರುತ್ತಾರೆ.

ಫಲಶ್ರುತಿ

ಈ ಮಂಜರಿಯನ್ನು ಪಠಿಸಿ ಶಾಸನ ತಿದ್ದಿದವರಿಗೆ ಇಷ್ಟಯಂತ್ರ ಪ್ರಾಪ್ತಿ. ತಿದ್ದಿ ಸುಡೋ ಮರೆತವರಿಗೆ ಯಥಾಸ್ಥಿತಿ. 5 ಎಂದು ಬರೆದವರಿಗೆ ಸೊನ್ನೆ.

ಯುಗಾದಿಗೆ ಮಗ ಬಂದ. ಬಟನ್ ಒತ್ತಿ, ಬಾಯಿಗೆ ಬೇವುಬೆಲ್ಲ ಹಾಕಿಕೊಂಡು ತಿರುಗುವಷ್ಟರಲ್ಲಿ ಪರದೆಯ ಮೇಲೆ ವಿಂಡೋಸ್.

"ಅಪ್ಪಾ, ನನ್ನ ಉಬುಂಟು?"

ಮಾವ ಲಗ್ನಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಹತ್ತ ಸೆಕೆಂಡ್ ಕೊಟ್ಟಿತ್ತಲ್ಲೋ," ಎಂದರು.